ಮೇಸ್ತ್ರಿ ಇದ್ದ ಕಡೆಯೆಲ್ಲ ದೊರೆ

ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಒಬ್ಬ ಮುದುಕಿಯ ಮೇಲೆ ಯುದ್ಧ ಸಾರಿದ್ದೆ. ಯುದ್ಧ ನಡೆಯುತ್ತಿದೆ ಎಂಬುದು ಆಕೆಗೆ ಗೊತ್ತಿರಲಿಲ್ಲ, ಅಷ್ಟೆ.

ಆಗ ಯಜಮಾನರು ನನ್ನನ್ನು ‘ನೋಡೋಣ’ ಎಂಬ ಹುದ್ದೆಯಲ್ಲಿ ಇಟ್ಟುಕೊಂಡಿದ್ದರು. ಕೆಲಸ ಖಾಯಂ ಆಗುತ್ತಾ ಸಾರ್ ಎಂದು ಕೇಳಿದಾಗಲೆಲ್ಲ ಅವರು ಕೊಡುತ್ತಿದ್ದ ಉತ್ತರ ಅದೊಂದೇ. ಆ ಹುದ್ದೆಯಲ್ಲಿರುವವನ ಕಣ್ಣಿಗೆ ಬಾಗಿಲಲ್ಲಿ ಕಾಣಿಸಿಕೊಂಡವರೆಲ್ಲ ತನ್ನ ಕುರ್ಚಿಗೇ ಬಂದವರು. ಹೀಗಿರುವಾಗ ಒಂದು ಬೆಳಗ್ಗೆ ಬಟ್ಟೆಯ ಚೀಲ ಹಿಡಿದ ಹೆಂಗಸೊಬ್ಬರು ಯಾರನ್ನೂ ಕೇಳದೆ ಸೀದಾ ಒಳಗೆ ಬಂದು, ನನ್ನ ಮೇಜಿನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು, ಚೀಲದಿಂದ ಕೆಂಪು ಪೆನ್ಸಿಲ್ ತೆಗೆದರು. ಒಂದು ಪ್ರೂಫ್ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಗುರುತು ಹಾಕತೊಡಗಿದರು. ಯಜಮಾನರು ತಾವೇ ಎದ್ದು ಹೋಗಿ ಅವರಿಗೆ ಟೀ ತಂದುಕೊಟ್ಟರು. ನನಗೆ ಅದುವರೆಗೆ ಟೀ ಅಂಗಡಿ ಯಾವ ದಿಕ್ಕಿಗಿದೆ ಎಂದು ತೋರಿಸಿದವರೂ ಇರಲಿಲ್ಲ.

ನಾನು ಲೆಕ್ಕ ಹಾಕಿದೆ. ಪೆನ್ಸಿಲ್ ಕೆಂಪು. ಅನುಭವ ತಲೆತುಂಬ ನರೆತಿದೆ. ಯಜಮಾನರ ಕೈಯ ಟೀ. ಅಲ್ಲಿಗೆ ನನ್ನ ‘ನೋಡೋಣ’ ಮುಗಿಯಿತು, ಹಳೇ ಕೈಯೊಂದನ್ನು ಕರೆಸಿಕೊಂಡಿದ್ದಾರೆ. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರಲ್ಲ, ದವಡೆ ಉಳಿಸಿಕೊಂಡು ಕೋಪವನ್ನೂ ತೀರಿಸಿಕೊಳ್ಳುವ ದಾರಿ ಹುಡುಕಿದೆ. ಮರುದಿನ ಬೇಗ ಬಂದು ಆ ಎರಡನೆಯ ಕುರ್ಚಿಯನ್ನು ಗೋದಾಮಿನಲ್ಲಿ ಕಾಗದದ ಬಂಡಲುಗಳ ಹಿಂದೆ ಬಚ್ಚಿಟ್ಟೆ. ಆಕೆ ಬಂದು, ಸುತ್ತ ನೋಡಿ, ಪಕ್ಕದಲ್ಲಿದ್ದ ಒಂದು ಕಾಗದದ ಬಂಡಲಿನ ಮೇಲೆ ಕೂತು ಕೆಲಸ ಶುರುಮಾಡಿದರು. ಅದರ ಮರುದಿನ ಮನೆಯಿಂದಲೇ ಒಂದು ಮಡಚುವ ಕಬ್ಬಿಣದ ಕುರ್ಚಿ ಹೊತ್ತುಕೊಂಡು ಬಂದು ನನ್ನ ಪಕ್ಕದಲ್ಲೇ ಬಿಡಿಸಿಟ್ಟರು.

“ನಿಮ್ಮ ಪ್ರೆಸ್ಸಲ್ಲಿ ಕುರ್ಚಿಗೆ ಬರ ಅಂತ ಕಾಣುತ್ತೆ ಮಗಾ. ನಾಳೆ ನಿನಗೂ ಒಂದು ತರಲಾ?”

ಕಂಪ್ಯೂಟರಿನ ಮುಂದೆ ಕೂತಿದ್ದ ಡಿಟಿಪಿ ಅಕ್ಕ ಕೀಲಿಮಣೆಯ ಮೇಲೆ ಬಗ್ಗಿ ನಕ್ಕಳು. ನಕ್ಕು ಮುಗಿದ ಮೇಲೆ ವಿಷಯ ಹೇಳಿದಳು. ನನ್ನ ಮೇಜಿನ ಮೇಲೆ ಆ ವಾರವಿಡೀ ಬಿದ್ದಿದ್ದ ಪುಸ್ತಕ ಬರೆದವರು ಆಕೆಯೇ. ನಾನು ಹಗಲೆಲ್ಲ ಆಕೆಯ ಬಾಲ್ಯವನ್ನು ತಿದ್ದುತ್ತ, ಎದುರಿಗೆ ಆಕೆಯೇ ಬಂದು ಕೂತರೆ ಕುರ್ಚಿ ಬಚ್ಚಿಡುತ್ತಿದ್ದೆ. ಅಂದಿನಿಂದ ಪ್ರೆಸ್ಸಿನಲ್ಲಿ ಎಲ್ಲರಿಗೂ ಅವರು ಕುರ್ಚಿಯಮ್ಮ. ಅವರಿಗೂ ಆ ಹೆಸರು ಹಿಡಿಸಿತು. “ಆಯಾ ಅನ್ನೋದಕ್ಕಿಂತ ವಾಸಿ. ಕೂತಿದ್ದೀನಿ ಅಂತಲಾದರೂ ಗೊತ್ತಾಗುತ್ತೆ,” ಎಂದರು.

ಆಯಾ ಎಂದರೆ ಹಗ್ಗದ ಫ್ಯಾಕ್ಟರಿಯ ಕೂಸಿನ ಮನೆಯ ಆಯಾ. ಕೆಲಸಕ್ಕೆ ಬರುವ ತಾಯಂದಿರು ಎಳೆಮಕ್ಕಳನ್ನು ಬಿಟ್ಟು ಹೋಗುವ ಕೋಣೆಗೆ ಅಲ್ಲಿ ಆ ಹೆಸರು. ಉದ್ದನೆಯ ಕೋಣೆ, ಅಡ್ಡ ತೊಲೆಗೆ ಸಾಲಾಗಿ ಕೊಕ್ಕೆ, ಕೊಕ್ಕೆಗೊಂದು ಬಟ್ಟೆಯ ತೊಟ್ಟಿಲು. ಗೋಡೆಯ ಆಚೆಗೆ ನಾರು ಹೊಸೆಯುವ ಯಂತ್ರಗಳು ಕೂಗುತ್ತಿದ್ದುದರಿಂದ ಅಲ್ಲಿನ ಮಕ್ಕಳು ಗಲಾಟೆಗೆ ನಿದ್ದೆ ಮಾಡಿ, ಯಂತ್ರ ನಿಂತರೆ ಎದ್ದು ಅಳುತ್ತಿದ್ದವಂತೆ. ತಾಯಂದಿರು ಬಂದಾಗ ಮೊದಲು ಕೈ ತೊಳೆಸಬೇಕು, ಇಲ್ಲದಿದ್ದರೆ ನಾರಿನ ಸಿಬಿರು ಮಗುವಿನ ತುಟಿಗೆ ಚುಚ್ಚುತ್ತದೆ. ಇದೆಲ್ಲ ಪುಸ್ತಕದಲ್ಲಿ ಇದೆ. “ಸೇರಿದಾಗ ಎರಡು ಜಡೆ, ಬಿಟ್ಟಾಗ ಎರಡು ಕನ್ನಡಕ,” ಎಂಬ ಒಂದೇ ವಾಕ್ಯದಲ್ಲಿ ಅವರು ತಮ್ಮ ಇಡೀ ನೌಕರಿಯನ್ನು ಮುಗಿಸಿದ್ದರು. ಗಂಡನಿಗೆ ಅಷ್ಟೂ ಸಿಕ್ಕಿರಲಿಲ್ಲ. ಅದರ ಬಗ್ಗೆ ಕೇಳಿದಾಗ, “ಇದ್ದ. ಬೇರೆ ಕಡೆ ಹೋದ. ಅದಕ್ಕೆ ಅಧ್ಯಾಯ ಯಾಕೆ, ಕಾಗದ ದುಬಾರಿ,” ಎಂದುಬಿಟ್ಟರು.

ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಕ್ಕೆ ಆಪರೇಷನ್ ಆಗಿತ್ತು, ಅದೂ ಅಷ್ಟಕ್ಕಷ್ಟೆ. ಇನ್ನೊಂದು ಬಾಕಿ. ಮೂಗಿಗೆ ತಾಗಿಸಿಕೊಂಡು ಓದಿದರೆ ದಿನಕ್ಕೆ ನಾಲ್ಕು ಪುಟ ದಾಟುತ್ತಿರಲಿಲ್ಲ. ಹಾಗಾಗಿ ನಾನು ಗಟ್ಟಿಯಾಗಿ ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು ಎಂದಾಯಿತು. ತಪ್ಪು ಬಂದಲ್ಲಿ ಕುರ್ಚಿಯ ಕೈಗೆ ಪೆನ್ಸಿಲಿನಿಂದ ಒಂದು ಟಕ್. ಮುದ್ರಣ ಯಂತ್ರದ ಸದ್ದಿನಿಂದ ತಪ್ಪಿಸಿಕೊಳ್ಳಲು ನಾವು ಬೈಂಡಿಂಗ್ ಕೋಣೆಯಲ್ಲಿ ಕೂರುತ್ತಿದ್ದೆವು. ಅಲ್ಲಿ ಹಾಳೆ ಮಡಚುವ ಹೆಂಗಸರೂ ಕೈ ಆಡಿಸುತ್ತ ಕೇಳಿಸಿಕೊಳ್ಳುತ್ತಿದ್ದರು. ಪ್ರತಿ ಅಧ್ಯಾಯ ಮುಗಿದಾಗ ಅವರದ್ದೊಂದು ವಿಮರ್ಶೆ ಇರುತ್ತಿತ್ತು. ನನ್ನ ಉಚ್ಚಾರಣೆಯ ಮೇಲೆ ಒಂದು ಬೇರೆ.

ಐದನೆಯ ಅಧ್ಯಾಯಕ್ಕೆ ಬಂದಾಗ ನನ್ನ ಓದು ತಡವರಿಸಿತು.

ಅದು ದೊರೆಗಳ ಕಾಲದ ಕಥೆ. ಫ್ಯಾಕ್ಟರಿ ಆಗ ಹೊರದೇಶದ ಕಂಪನಿಯದು, ಅದರ ಮ್ಯಾನೇಜರನೇ ಎಲ್ಲರ ಪಾಲಿನ ದೊರೆ. ಎಳೆಮಗುವಿದ್ದ ಹೆಂಗಸರಿಗೆ ಹಾಲೂಡಿಸಲು ದಿನಕ್ಕೆ ಎರಡು ಸಲ ಬಿಡುವು ಕೊಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಇವರು ಮಗುವಿನ ನೆಪ ಹೇಳಿ ಮೈಗಳ್ಳತನ ಮಾಡುತ್ತಾರೆ ಎಂಬ ಗುಮಾನಿ ದೊರೆಗೆ. ಅದಕ್ಕೆ ಅವನು ಕಂಡುಕೊಂಡ ಉಪಾಯ, ಬಿಡುವಿನ ಹೊತ್ತಿಗೆ ಹೆಂಗಸರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸುವುದು. ನಿಜವಾಗಿ ಹಾಲಿದೆಯೇ ಎಂದು ಒಬ್ಬೊಬ್ಬರ ಎದೆ ಹಿಂಡಿ ನೋಡುವುದು. ಹಾಲು ಬಂದವಳು ಕೂಸಿನ ಮನೆಗೆ, ಬಾರದವಳು ಯಂತ್ರಕ್ಕೆ. ದೊರೆ ಕುರ್ಚಿಯಲ್ಲಿ ಕೂತು ಬರೆದುಕೊಳ್ಳುತ್ತಿದ್ದ. ಹಿಂಡುವ ಕೆಲಸ ಮೇಸ್ತ್ರಿಯದು.

ನಾನು ‘ಎದೆ’ ಎಂಬಲ್ಲಿಗೆ ಬಂದು ಕೆಮ್ಮಿದೆ. ಇನ್ನೊಮ್ಮೆ ಕೆಮ್ಮಿದೆ. ಆ ಪದ ಹಾರಿಸಿ ಮುಂದಿನದಕ್ಕೆ ಹೋದೆ. ಟಕ್ ಎಂದಿತು ಪೆನ್ಸಿಲ್.

“ಒಂದು ಪದ ನುಂಗಿದೆ.”

“ಹೆಂಗಸರೆಲ್ಲ ಕೂತಿದ್ದಾರಲ್ಲಮ್ಮ…”

“ಅವರಿಗೆ ಇಲ್ಲವಾ? ಓದು ಮಗಾ. ನೀನೂ ಅಲ್ಲೇ ಕುಡಿದು ಬೆಳೆದವನು.”

ಹಾಳೆ ಮಡಚುವವರಲ್ಲಿ ಒಬ್ಬಳು, “ಈಗಷ್ಟೇ ಬಿಟ್ಟಿರೋ ಹಾಗಿದೆ,” ಎಂದಳು. ಎಲ್ಲರೂ ನಕ್ಕರು. ನಾನು ಓದಿದೆ. ಓದುತ್ತ ಹೋದಂತೆ ನಗು ನಿಂತಿತು, ಮಡಚುವ ಕೈಗಳೂ ನಿಂತವು.

ಒಂದು ದಿನ ಆ ಸಾಲಿನಲ್ಲಿ ಮೇಸ್ತ್ರಿಯ ಹೆಂಡತಿಯೂ ಇದ್ದಳು. ಮನೆಯವಳೆಂದು ಬಿಡಬಹುದಿತ್ತು. ದೊರೆ ಪೆನ್ನು ಎತ್ತಿ ನೋಡಿದ. ಮೇಸ್ತ್ರಿ ಬಿಡಲಿಲ್ಲ. ಉಳಿದವರಿಗೆ ಮಾಡಿದ್ದನ್ನೇ ಅವಳಿಗೂ ಮಾಡಿದ, ತುಸು ಜೋರಾಗಿಯೇ, ಪಕ್ಷಪಾತವಿಲ್ಲವೆಂದು ದೊರೆಗೆ ಕಾಣಬೇಕಲ್ಲ. ಆಗ ಒಳಗೆ ತೊಟ್ಟಿಲಲ್ಲಿ ಹಸಿದು ಅಳುತ್ತಿದ್ದ ಕೂಸೇ ಈಗ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಕುರ್ಚಿಯಮ್ಮ. ಮೇಸ್ತ್ರಿ ಅವರ ಅಪ್ಪ.

ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಕೆಲವು ವಾರ ಕಳೆದ ಮೇಲೆ ಹೆಂಗಸರು ತಮ್ಮೊಳಗೇ ಮಾತಾಡಿಕೊಂಡು ಸಾಲಿನಲ್ಲಿ ನಿಂತರು. ಮೇಸ್ತ್ರಿಯ ಕೈ ಮುಂದೆ ಬರುವ ಮೊದಲೇ ಮೊದಲನೆಯವಳು ಕುರ್ಚಿಯವರೆಗೂ ನಡೆದುಹೋಗಿ ತಾನೇ ಹಿಂಡಿದಳು. ಹಾಲು ದೊರೆಯ ಪಾಲಿಶ್ ಮಾಡಿದ ಬೂಟಿನ ಮೇಲೆ ಬಿತ್ತು. ಹಿಂದಿನವಳೂ ಹಾಗೇ ಮಾಡಿದಳು, ಅವಳ ಹಿಂದಿನವಳೂ. ದೊರೆ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡನಂತೆ. ಮರುದಿನದಿಂದ ಸಾಲು ಇಲ್ಲ. ಹಾಲುಣಿಸುವವರು ಯಾರೆಂದು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿದರು. ಆಯಾ ಎಂಬ ಹುದ್ದೆ ಹುಟ್ಟಿದ್ದು ಹೀಗೆ.

ಓದು ಮುಗಿದ ಮೇಲೆ ನಾನು ಕೇಳಿದೆ. “ಅಮ್ಮ, ಪುಸ್ತಕದ ತುಂಬ ಮೇಸ್ತ್ರಿ ಬಂದ, ಮೇಸ್ತ್ರಿ ಉಂಡ ಅಂತಲೇ ಇದೆ. ಒಂದು ಕಡೆಯಾದರೂ ಅಪ್ಪ ಅಂತ ಹಾಕಬಹುದಿತ್ತಲ್ಲ?”

“ಅಮ್ಮ ಆ ದಿನದಿಂದ ಹಾಗೇ ಕರೀತಿದ್ದಳು. ಮೇಸ್ತ್ರಿಗೆ ನೀರು ಕೊಡು, ಮೇಸ್ತ್ರಿ ಬಂದ್ರಾ ನೋಡು. ಸಾಯೋವರೆಗೂ. ನಾವು ಮಕ್ಕಳು ಅದನ್ನೇ ಕಲಿತೆವು. ನನ್ನ ತಮ್ಮ ಅದು ಮರ್ಯಾದೆ ಅಂದುಕೊಂಡ.”

“ನಿಮಗೆ ಯಾವಾಗ ಗೊತ್ತಾಯ್ತು?”

“ನನಗೆ ಕೆಲಸ ಸಿಕ್ಕಿದ ದಿನ. ಕೂಸಿನ ಮನೆ ನೋಡೋಕೆ ಬಾ ಅಂತ ಅಮ್ಮನನ್ನ ಕರೆದುಕೊಂಡು ಹೋದೆ. ಬಂದಳು. ಅಂಗಳದಲ್ಲಿ ಒಂದು ಕಡೆ ನಿಂತುಬಿಟ್ಟಳು. ಇಲ್ಲಿ ಅಂದಳು. ಆಮೇಲೆ ಹೇಳಿದಳು. ಅಷ್ಟೇ, ಇನ್ನೊಂದು ಸಲ ಕೇಳಿದರೆ ಬೈದಳು.”

ಆ ತಮ್ಮ ಹುಟ್ಟುವ ಹೊತ್ತಿಗೆ ದೊರೆಗಳು ಹೊರಟುಹೋಗಿದ್ದರು. ಅದಕ್ಕೆ ಮುಂಚೆ ನಡೆದ ದೊಡ್ಡ ಮುಷ್ಕರದಲ್ಲಿ ಮೇಸ್ತ್ರಿ ಕೆಲಸಗಾರರ ಕಡೆ ನಿಂತು, ಪೊಲೀಸರ ಏಟು ತಿಂದು ಜೈಲಿಗೆ ಹೋಗಿದ್ದರು. ಅದೂ ನಿಜ, ಹನ್ನೊಂದನೆಯ ಅಧ್ಯಾಯದಲ್ಲಿ ಕುರ್ಚಿಯಮ್ಮ ಅದನ್ನು ಒಂದು ಏಟೂ ಕಡಿಮೆಯಾಗದಂತೆ ಬರೆದಿದ್ದರು. ತಮ್ಮ ನೋಡಿದ ಅಪ್ಪ ಆ ಅಪ್ಪ. ಕಾರ್ಮಿಕ ಸಂಘದ ಸಭಾಂಗಣಕ್ಕೆ ಅವರದೇ ಹೆಸರು, ಒಳಗೆ ಆಳೆತ್ತರದ ಫೋಟೋ. ತಮ್ಮ ಓದಿ ವಕೀಲರಾಗಿ, ಜೀವಮಾನವಿಡೀ ಕೆಲಸಗಾರರ ಮೊಕದ್ದಮೆಗಳನ್ನೇ ನಡೆಸಿದ ಮನುಷ್ಯ. ಅಕ್ಕನ ಪುಸ್ತಕ ಅಚ್ಚಾಗಲಿ ಎಂದು ಖರ್ಚು ವಹಿಸಿಕೊಂಡವರೂ ಅವರೇ. ಕುರ್ಚಿಯಮ್ಮನಿಗೆ ಅದರ ಹೆಮ್ಮೆ ಎಷ್ಟಿತ್ತೆಂದರೆ, ಪ್ರೆಸ್ಸಿನಲ್ಲಿ ಯಾರು ಹೊಸಬರು ಬಂದರೂ, “ಇದನ್ನ ಹಾಕಿಸ್ತಿರೋದು ನನ್ನ ತಮ್ಮ. ಸೊಂಟದ ಮೇಲೆ ಹೊತ್ತು ಬೆಳೆಸಿದ್ದೆ. ಈಗ ನೋಡು, ಕೋರ್ಟಿನ ಬಾಗಿಲೇ ಸಾಲಲ್ಲ ಅವನಿಗೆ,” ಎಂದು ಕೈ ಅಗಲಿಸಿ ತೋರಿಸುತ್ತಿದ್ದರು.

ಅವರ ಎರಡನೆಯ ಕಣ್ಣಿನ ಆಪರೇಷನ್ನಿಗೆ ದಿನ ಸಿಕ್ಕಿದ್ದು ಪುಸ್ತಕ ಕೊನೆಯ ಪ್ರೂಫಿನಲ್ಲಿದ್ದಾಗ. “ಇನ್ನು ನಾನು ಬರಲ್ಲ ಮಗಾ. ತಮ್ಮ ನೋಡ್ತಾನೆ,” ಎಂದು ಕುರ್ಚಿ ಮಡಚಿ ಗೋಡೆಗೆ ಒರಗಿಸಿಟ್ಟು ಹೋದರು. ಕೊನೆಯ ಪ್ರೂಫ್ ನನ್ನ ಮೇಜಿಗೆ ಬರಲೇ ಇಲ್ಲ. ನನಗೆ ಒಂದು ಸಕ್ಕರೆ ಕಾರ್ಖಾನೆಯ ವಾರ್ಷಿಕ ವರದಿ ಕೊಟ್ಟರು. ಸಿಹಿ ಸುದ್ದಿ ಎಂದುಕೊಂಡು ಅದರಲ್ಲಿ ಮುಳುಗಿದೆ.

ಹದಿನೈದು ದಿನ ಕಳೆದಿರಬೇಕು. ಮಧ್ಯಾಹ್ನ ಊಟದ ಡಬ್ಬಿಯ ಕೆಳಗೆ ಹಾಸಲು ಯಂತ್ರದ ಪಕ್ಕ ಬಿದ್ದಿದ್ದ ರದ್ದಿ ಹಾಳೆಯೊಂದನ್ನು ಎತ್ತಿಕೊಂಡೆ. ಶಾಯಿ ಹೆಚ್ಚಾಗಿ ಬಿದ್ದು ಪಕ್ಕಕ್ಕೆ ಎಸೆದ ಹಾಳೆ, ಕುರ್ಚಿಯಮ್ಮನ ಪುಸ್ತಕದ್ದು. ತಿನ್ನುತ್ತ ಓದುವುದು ನನ್ನ ಕೆಟ್ಟ ಚಾಳಿ. ಓದಿದೆ. ಕೈ ಡಬ್ಬಿಯಲ್ಲೇ ನಿಂತಿತು.

‘ದೊರೆ ಸಂಜೆ ಮನೆಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ನೇತುಹಾಕುತ್ತಿದ್ದ. ಅಮ್ಮ ಬಿಸಿನೀರು ಇಡುತ್ತಿದ್ದಳು. ದೊರೆ ಉಂಡು ಮಲಗುವವರೆಗೂ ಅವಳು ಮಾತಾಡುತ್ತಿರಲಿಲ್ಲ.’

ಡಿಟಿಪಿ ಅಕ್ಕನ ಹತ್ತಿರ ಓಡಿದೆ. ಅವಳು ಕಿವಿಯಿಂದ ಹಾಡಿನ ವೈರು ಕಿತ್ತು, “ಏನೋ?” ಎಂದಳು.

“ಇದೇನಕ್ಕ, ದೊರೆ ಮನೆಗೆ ಬಂದು ಅಂಗಿ ಬಿಚ್ತಿದ್ದಾನೆ?”

“ಓ, ಅದಾ. ವಕೀಲರ ಫೋನ್ ಬಂತಂತೆ. ಮೇಸ್ತ್ರಿ ಇದ್ದ ಕಡೆಯೆಲ್ಲ ದೊರೆ ಮಾಡು ಅಂದರು ಯಜಮಾನರು. ಹುಡುಕು, ಬದಲಿಸು ಅಂತ ಒತ್ತಿದೆ. ಒಂದೇ ಏಟಿಗೆ ಪುಸ್ತಕ ಪೂರ್ತಿ ಆಗೋಯ್ತು.”

“ಓದಿ ನೋಡಿದ್ಯಾ?”

“ಓದೋದು ನಿನ್ನ ಸಂಬಳಕ್ಕೆ ಕಣೋ. ನನ್ನದು ಒತ್ತೋದು.”

ಹಾಳೆಗಳನ್ನು ಹುಡುಕಿ ಜೋಡಿಸಿ ಓದಿದೆ. ಐದನೆಯ ಅಧ್ಯಾಯದಲ್ಲಿ ದೊರೆ ಹೇಳಿದಂತೆ ದೊರೆಯೇ ಮಾಡುತ್ತಿದ್ದ. ಬೆಳಗ್ಗೆ ದೊರೆ ದೊರೆಗೆ ಸಲಾಮು ಹೊಡೆಯುತ್ತಿದ್ದ. ಏಳನೆಯದರಲ್ಲಿ ದೊರೆ, ಜ್ವರ ಬಂದ ಕೂಸನ್ನು, ಎಂದರೆ ಕುರ್ಚಿಯಮ್ಮನನ್ನು, ಹೆಗಲಿಗೆ ಹಾಕಿಕೊಂಡು ಕೋಣೆಯಲ್ಲಿ ಅಡ್ಡಾಡುತ್ತಿದ್ದ. ಹನ್ನೊಂದನೆಯದಂತೂ ಕೇಳುವುದೇ ಬೇಡ. ಪೊಲೀಸರು ಲಾಠಿ ಬೀಸಿ ದೊರೆಯನ್ನೇ ಎಳೆದೊಯ್ದು ಜೈಲಿಗೆ ಹಾಕಿದ್ದರು, ದೊರೆಯ ಬಿಡುಗಡೆಗಾಗಿ ಕೆಲಸಗಾರರೆಲ್ಲ ಬೀದಿಗೆ ಇಳಿದಿದ್ದರು. ಅಪ್ಪನ ಮಾನ ಕಾಯಲು ಹೋದ ವಕೀಲರು ಅಪ್ಪನ ಜೈಲುವಾಸವನ್ನೂ ಕಿತ್ತು ದೊರೆಗೆ ದಾನ ಮಾಡಿದ್ದರು. ಜೊತೆಗೆ ತಾಯಿಯನ್ನೂ.

ಯಜಮಾನರ ಮುಂದೆ ಹಾಳೆ ಹಿಡಿದು ನಿಂತೆ. ಅವರು ಕನ್ನಡಕ ಏರಿಸಿಕೊಳ್ಳಲಿಲ್ಲ.

“ನೋಡಯ್ಯ, ವಕೀಲರಿಗೆ ಆ ಐದನೇ ಅಧ್ಯಾಯ ಓದಿ ಹೇಳಿದವನೇ ನಾನು. ನಾಳೆ ಅವರಿಗೆ ನೋವಾಗಬಾರದಲ್ಲ. ದೊರೆ ಅಂದರೆ ಯಾರಿಗೆ ನಷ್ಟ ಹೇಳು. ಅವನು ಸತ್ತು ಮಣ್ಣಾಗಿ ಹೋಗಿದ್ದಾನೆ. ಅವನ ಮೊಮ್ಮಕ್ಕಳು ಹಡಗು ಹತ್ತಿ ಬಂದು ನಮ್ಮ ಮೇಲೆ ಕೇಸ್ ಹಾಕ್ತಾರಾ?”

“ಆದರೆ ಸಾರ್, ಏಳನೇ ಅಧ್ಯಾಯದಲ್ಲಿ…”

“ಫಾರಂಗಳೆಲ್ಲ ಅಚ್ಚಾಗಿವೆ, ಇನ್ನು ಒಂದು ಪುಟವೂ ಬದಲಾಗಲ್ಲ. ನಿನ್ನ ಕೆಲಸದ ವಿಷಯ ಇನ್ನೂ ನೋಡೋಣದಲ್ಲೇ ಇದೆ, ನೆನಪಿದೆಯಾ?”

ನೆನಪಿತ್ತು. ಹಾಳೆಗಳನ್ನೆಲ್ಲ ಮಡಚಿ ಚೀಲಕ್ಕೆ ಹಾಕಿಕೊಂಡು ಸಕ್ಕರೆ ಕಾರ್ಖಾನೆಗೆ ಮರಳಿದೆ. ಸಂಜೆಯವರೆಗೂ ಒಂದೇ ಪುಟ ಓದುತ್ತಿದ್ದೆ.

ಕೆಲಸ ಮುಗಿಸಿ ಆ ಹಾಳೆಗಳೊಂದಿಗೆ ಕುರ್ಚಿಯಮ್ಮನ ಮನೆಗೆ ಹೋದೆ. ಅವರು ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಕಿಟಕಿಗೆ ಹಳೇ ಚಾದರ ಕಟ್ಟಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. “ಸಿನಿಮಾದವಳ ಹಾಗಿದ್ದೀನಾ?” ಎಂದರು. ನಾನು ನಗಲಿಲ್ಲ. ಅವರಿಗೆ ಅಷ್ಟು ಸಾಕಾಯಿತು.

“ಏನಾಗಿದೆ ಓದು.”

ಓದಿದೆ. ಪೆನ್ಸಿಲ್ ಇರಲಿಲ್ಲ, ಟಕ್ ಎನ್ನಲಿಲ್ಲ. ಐದು ಓದಿದೆ, ಏಳು ಓದಿದೆ, ಹನ್ನೊಂದು ಓದಿದೆ. ಕೆಳಗೆ ಯಾರೋ ಚಕ್ರಕ್ಕೆ ಗಾಳಿ ತುಂಬುವ ಸದ್ದು ನಿಂತು ನಿಂತು ಬರುತ್ತಿತ್ತು.

“ಯಾರು ಹೇಳಿದ್ದು ಹೀಗೆ ಮಾಡು ಅಂತ?”

“ವಕೀಲರು ಅಂತ ಯಜಮಾನರು…”

“ಯಜಮಾನನ ಮಾತು ಬೇಡ. ಅವನು ಯಾರು ದುಡ್ಡು ಕೊಟ್ಟರೆ ಅವರ ಬಾಯಿ. ತಮ್ಮ ಹೇಳಿದ್ನಾ?”

“ಹೂಂ ಅಮ್ಮ.”

ಅವರು ಕನ್ನಡಕ ತೆಗೆದು, ಕಣ್ಣು ಒರೆಸಬಾರದೆಂದು ವೈದ್ಯರು ಹೇಳಿದ್ದು ನೆನಪಾಗಿ, ಮತ್ತೆ ಹಾಕಿಕೊಂಡರು. “ಊರೆಲ್ಲ ಅಪ್ಪನ ಕಡೆ ಇತ್ತು. ಇವನೊಬ್ಬ ನನ್ನ ಕಡೆ ಅಂದುಕೊಂಡಿದ್ದೆ,” ಎಂದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ನಾನು ಎಷ್ಟೋ ಪ್ರೂಫುಗಳಲ್ಲಿ ತಿದ್ದಿದ್ದೇನೆ. ಆ ಕೋಣೆಯಲ್ಲಿ ಅದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅಷ್ಟರಲ್ಲಿ ಮೆಟ್ಟಿಲಲ್ಲಿ ಭಾರವಾದ ಹೆಜ್ಜೆ. ವಕೀಲರು ಕಿತ್ತಳೆ ಹಣ್ಣಿನ ಚೀಲ ಹಿಡಿದು ಏದುಸಿರು ಬಿಡುತ್ತ ಒಳಗೆ ಬಂದರು. ಬಾಗಿಲು ನಿಜಕ್ಕೂ ಸಾಲಲಿಲ್ಲ. ನಾನು ಹಾಳೆಗಳನ್ನು ಬೆನ್ನ ಹಿಂದೆ ಮರೆಮಾಡಿದೆ. ಮರೆಮಾಡಿದ್ದು ನೋಡಿದರು.

“ಓ, ಸುದ್ದಿ ಮುಟ್ಟಿದೆ,” ಎಂದು ಮಂಚದ ತುದಿಯಲ್ಲಿ ಕೂತು ಒಂದು ಹಣ್ಣು ಸುಲಿಯತೊಡಗಿದರು. “ಅಕ್ಕಾ, ಕೋಪ ಮಾಡ್ಕೋಬೇಡ. ನಾನೇ ಬಂದು ಹೇಳೋಣ ಅಂತಿದ್ದೆ. ಬಿಡುಗಡೆ ಆಗೋದು ಸಂಘದ ಹಾಲಲ್ಲಿ. ಅಪ್ಪನ ಫೋಟೋ ಕೆಳಗೆ ನಿಂತು ಅಪ್ಪನ ಬಗ್ಗೆ ಇದನ್ನ ಹೇಗೆ ಓದ್ತೀಯ?”

“ಬಾಯಲ್ಲೇ ಓದ್ತಿದ್ದೆ.”

“ಮಾಡಿಸಿದವನು ದೊರೆ ತಾನೇ? ಕೈ ಯಾರದಾದರೇನು? ಅಪ್ಪ ಬೇಡ ಅಂದಿದ್ದರೆ ಅವತ್ತೇ ಹೊರಗೆ ಹಾಕ್ತಿದ್ದರು. ಆ ಕೈಯನ್ನ ಆಡಿಸಿದವನು ಅವನು. ಹಾಗಾದಮೇಲೆ ಅವನ ಹೆಸರೇ ಇರಲಿ ಅಂದೆ. ಇದರಲ್ಲಿ ಸುಳ್ಳೇನಿದೆ?”

ಒಳ್ಳೆಯ ವಕೀಲರು. ನನಗೇ ಒಂದು ಕ್ಷಣ ಹೌದಲ್ಲ ಅನ್ನಿಸಿತು.

“ಕೈ ಯಾರದು ಅಂತ ಅಮ್ಮನಿಗೆ ಗೊತ್ತಿತ್ತಲ್ಲೋ,” ಎಂದರು ಕುರ್ಚಿಯಮ್ಮ.

“ಅಮ್ಮ ನನ್ನ ಹತ್ತಿರ ಒಂದು ದಿನಾನೂ ಅಂದಿಲ್ಲ.”

“ನಿನ್ನ ಹತ್ತಿರ ಅಂದಿಲ್ಲ.”

ವಕೀಲರು ಹಣ್ಣಿನ ಎರಡು ತೊಳೆ ಬಿಡಿಸಿ ಅಕ್ಕನ ಅಂಗೈಗೆ ಹಾಕಿದರು. ಅವರು ತಿನ್ನಲಿಲ್ಲ, ಹಿಂದಕ್ಕೂ ಕೊಡಲಿಲ್ಲ.

“ಪುಸ್ತಕ ಪೂರ್ತಿ ಓದಿದ್ಯಾ ನೀನು?”

“ಓದಿದೆ ಅಕ್ಕಾ. ಎಷ್ಟು ಚೆನ್ನಾಗಿ ಬರೆದಿದ್ದೀಯ. ಕಣ್ಣೀರು ಬಂತು.”

“ಎಲ್ಲಿ ಬಂತು?”

“ಎಲ್ಲಾ ಕಡೆ.”

“ಅಪ್ಪ ಜೈಲಿಗೆ ಹೋಗೋ ಅಧ್ಯಾಯ?”

“ಅದಂತೂ ಅದ್ಭುತ. ಅದನ್ನೇ ನಾನು ಸಭೇಲಿ ಎತ್ತಿ ಹೇಳೋದು. ಅಪ್ಪನನ್ನ ಎಷ್ಟು ಚೆನ್ನಾಗಿ ತಂದಿದ್ದೀಯ.”

ನಾನು ಕಿಟಕಿಯ ಚಾದರ ನೋಡುತ್ತ ನಿಂತೆ. ಆ ಅಧ್ಯಾಯದಲ್ಲಿ ಈಗ ಅಪ್ಪ ಎಲ್ಲಿಯೂ ಇರಲಿಲ್ಲ. ಕುರ್ಚಿಯಮ್ಮ ತಮ್ಮನ ಕಡೆಗೆ ಮುಖ ತಿರುಗಿಸಿದರು. ಈಗಲಾದರೂ ಹೇಳುತ್ತಾರೆ ಎಂದುಕೊಂಡೆ. “ಹೊತ್ತಾಯ್ತು, ಮೆಟ್ಟಿಲು ಜೋಪಾನ,” ಎಂದಷ್ಟೇ ಹೇಳಿ ಕಳಿಸಿದರು.

ಹೆಜ್ಜೆ ಕೆಳಗಿಳಿದ ಮೇಲೆ ಅಂಗೈಯ ತೊಳೆಗಳನ್ನು ತಟ್ಟೆಯಲ್ಲಿ ಇಟ್ಟರು.

“ಓದಿಲ್ಲ ಕಣೋ ಅವನು.”

“ಇಲ್ಲಮ್ಮ.”

“ಬದಲಾಯಿಸೋದಾದರೂ ಓದಿ ಬದಲಾಯಿಸಬಾರದಾ? ಇಷ್ಟು ವರ್ಷ ಬರೆದೆ. ಒಂದು ಸಲ ತಿರುವಿ ನೋಡಲಿಲ್ಲ. ಅಪ್ಪ ಎಲ್ಲಿದ್ದಾನೆ ಅಂತ ಹುಡುಕಿಸಿ ತೆಗೆಸಿದ, ಅಮ್ಮ ಎಲ್ಲಿದ್ದಾಳೆ ಅಂತ ನೋಡಲಿಲ್ಲ.”

ನನ್ನ ತಲೆ ಆಗಲೇ ಪರಿಹಾರಗಳನ್ನು ಹೆಣೆಯುತ್ತಿತ್ತು. ತಿದ್ದುಪಡಿಯ ಚೀಟಿಯೊಂದನ್ನು ಕದ್ದು ಅಚ್ಚು ಮಾಡಿ ಪ್ರತಿ ಪುಸ್ತಕಕ್ಕೂ ಅಂಟಿಸೋಣ, ಬೈಂಡಿಂಗ್ ಅಕ್ಕಂದಿರು ಸಹಾಯ ಮಾಡುತ್ತಾರೆ, ಎಂದೆ. ಕೆಲಸ ಹೋದರೆ ಹೋಗಲಿ ಎಂದೂ ಸೇರಿಸಿದೆ, ಧ್ವನಿ ಮಾತ್ರ ಸ್ವಲ್ಪ ಕಿರಿದಾಯಿತು.

“ಚೀಟಿ ಯಾರೂ ಓದಲ್ಲ. ಪುಸ್ತಕವನ್ನೇ ಓದಲ್ಲ,” ಎಂದರು. ಆಮೇಲೆ, “ಒಂದು ಕೆಲಸ ಮಾಡು. ಆ ಏಳನೇ ಅಧ್ಯಾಯದ ಪುಟ ಇದೆಯಲ್ಲ, ಮನೆಗೆ ಬಂದು ಅಂಗಿ ಬಿಚ್ಚೋದು, ಕೂಸನ್ನ ಎತ್ಕೊಳ್ಳೋದು. ಅದೊಂದನ್ನ ದಪ್ಪ ಅಕ್ಷರದಲ್ಲಿ ತೆಗೆದುಕೊಡು. ನನ್ನ ಕಣ್ಣಿಗೆ ಕಾಣೋ ಹಾಗೆ.”

“ಮೇಸ್ತ್ರಿ ಅಂತ ತಿದ್ದಿ ಕೊಡ್ತೀನಿ.”

“ಬೇಡ. ಪುಸ್ತಕದಲ್ಲಿ ಹೇಗಿದೆಯೋ ಹಾಗೆ. ಒಂದಕ್ಷರ ಮುಟ್ಟಬೇಡ.”

ನನಗೆ ಅರ್ಥವಾಗಲಿಲ್ಲ. ಸೋತರು ಎಂದುಕೊಂಡೆ. ಎಂಬತ್ತರ ಹತ್ತಿರದ ಜೀವ, ಉಳಿದಿರುವ ಒಬ್ಬನೇ ತಮ್ಮ, ಯಾರು ತಾನೇ ಜಗಳ ಕಾಯುತ್ತಾರೆ. ಡಿಟಿಪಿ ಅಕ್ಕನಿಗೆ ಒಂದು ಟೀ ಲಂಚ ಕೊಟ್ಟು ಪುಟ ತೆಗೆಸಿಕೊಟ್ಟೆ. ಅಕ್ಷರ ದಪ್ಪವಾದದ್ದರಿಂದ ಅದು ಆರು ಹಾಳೆಯಾಯಿತು. ತೆಗೆಯುವಾಗ ಅವಳು ಮೊದಲ ಸಲ ಆ ಪುಟ ಓದಿದಳು. ಟೀ ಅರ್ಧ ಕುಡಿದು ಇಟ್ಟಳು, ಹಾಡು ಮತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಬಿಡುಗಡೆಯ ದಿನ ಸಂಘದ ಸಭಾಂಗಣ ತುಂಬಿತ್ತು. ಫ್ಯಾಕ್ಟರಿಯ ಹಳೇ ಕೆಲಸಗಾರರು, ಅವರ ಮಕ್ಕಳು, ಕಾಲೇಜಿನ ಒಂದಷ್ಟು ಹುಡುಗಿಯರು. ವೇದಿಕೆಯ ಹಿಂದೆ ಮೇಸ್ತ್ರಿಯ ಫೋಟೋ, ದಪ್ಪ ಮೀಸೆ, ಗುಂಡಿ ಬಿಗಿದ ಕೋಟು, ಎರಡೂ ಕೈ ಮೊಣಕಾಲ ಮೇಲೆ. ಯಜಮಾನರು ಪುಸ್ತಕದ ಕಟ್ಟು ಬಿಚ್ಚಿದರು. ವಕೀಲರು ಮೈಕಿಗೆ ಬಂದರು. ದೊರೆಗಳು ನಮ್ಮ ಹೆಣ್ಣುಮಕ್ಕಳ ಮೈಮೇಲೆ ಎಸಗಿದ ಅತ್ಯಾಚಾರಗಳನ್ನು ಅಕ್ಕ ನಿರ್ಭಯವಾಗಿ ದಾಖಲಿಸಿದ್ದಾರೆ ಎಂದರು. ಅಪ್ಪನ ಜೈಲುವಾಸದ ಅಧ್ಯಾಯವನ್ನು ಪ್ರತಿ ಮನೆಯಲ್ಲೂ ಓದಬೇಕು ಎಂದರು. ಚಪ್ಪಾಳೆ ಬಿತ್ತು. ಅವರ ಧ್ವನಿ ನಿಜವಾಗಿಯೂ ನಡುಗುತ್ತಿತ್ತು, ಅದು ನಾಟಕವಲ್ಲ. ಅದೇ ನನಗೆ ಹೆಚ್ಚು ಹಿಂಸೆಯಾದದ್ದು.

ಕುರ್ಚಿಯಮ್ಮ ಎದ್ದು ಆರು ಹಾಳೆ ಬಿಡಿಸಿದರು. ಪೀಠಿಕೆ ಇಲ್ಲ, ವಂದನೆ ಇಲ್ಲ. ಓದಿದರು.

‘ದೊರೆ ಸಂಜೆ ಮನೆಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ನೇತುಹಾಕುತ್ತಿದ್ದ.’

ಮೊದಲ ಸಾಲಿಗೆ ಯಾರೂ ಕಿವಿಗೊಡಲಿಲ್ಲ. ಬಿಸಿನೀರಿನ ಸಾಲಿಗೆ ಕೆಮ್ಮುಗಳು ನಿಂತವು. ದೊರೆ ಊಟಕ್ಕೆ ಕೂತಾಗ ಮುಂದಿನ ಸಾಲಿನ ಹಳೇ ಕೆಲಸಗಾರನೊಬ್ಬ ಪಕ್ಕದವನ ಮುಖ ನೋಡಿದ. ದೊರೆ ಜ್ವರದ ಕೂಸನ್ನು ಹೆಗಲಿಗೆ ಹಾಕಿಕೊಂಡು ಲಾಲಿ ಹೇಳಿದಾಗ ಇಡೀ ಸಭಾಂಗಣದಲ್ಲಿ ಫ್ಯಾನಿನ ಸದ್ದೊಂದೇ. ಕುರ್ಚಿಯಮ್ಮ ಅವಸರವಿಲ್ಲದೆ, ಒಂದೊಂದು ಪದ ಬಿಡಿಸಿ, ಮಕ್ಕಳಿಗೆ ಅನ್ನ ಕಲಸಿ ತುತ್ತಿಡುವ ಹಾಗೆ ಓದಿದರು. ವೇದಿಕೆಯ ಮೇಲೆ ವಕೀಲರು ಮೊದಲು ಅಕ್ಕನನ್ನು ನೋಡಿದರು, ಆಮೇಲೆ ಯಜಮಾನರನ್ನು. ಯಜಮಾನರು ಕಾರ್ಯಕ್ರಮ ಪಟ್ಟಿಯಲ್ಲಿ ಏನೋ ಹುಡುಕುತ್ತಿದ್ದರು. ವಕೀಲರು ಮುಂದಿದ್ದ ಪ್ರತಿಯನ್ನು ಎಳೆದುಕೊಂಡು ಪುಟ ತಿರುವತೊಡಗಿದ್ದು ಆಗ. ಏಳು ಸಿಕ್ಕಿತು. ಅಲ್ಲಿಂದ ಹನ್ನೊಂದಕ್ಕೆ ಹೋದರು. ಅಲ್ಲಿಯೇ ನಿಂತರು. ಬೆರಳು ಒಂದು ಸಾಲಿನ ಮೇಲೆ ಹೋಗುವುದು, ಹಿಂದಕ್ಕೆ ಬರುವುದು ನನಗೆ ಕಾಣುತ್ತಿತ್ತು.

ಓದು ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರಶ್ನೆಗಳಿದ್ದರೆ ಕೇಳಬಹುದು ಎಂದು ನಿರೂಪಕ ಅಭ್ಯಾಸಬಲದಿಂದ ಅಂದುಬಿಟ್ಟ. ವಕೀಲರು ಅರ್ಧ ಎದ್ದು, “ಪ್ರಶ್ನೆ ಬೇಡ, ಹೊತ್ತಾಗಿದೆ,” ಎನ್ನುವಷ್ಟರಲ್ಲಿ ಕಾಲೇಜಿನ ಹುಡುಗಿಯೊಬ್ಬಳ ಕೈಗೆ ಮೈಕ್ ಹೋಗಿತ್ತು.

“ಅಮ್ಮ, ತಪ್ಪು ತಿಳಿಯಬೇಡಿ. ಕೇಳಬಾರದೇನೋ.” ಅವಳು ಗೆಳತಿಯರ ಕಡೆ ನೋಡಿದಳು. ಅವರು ತಲೆ ತಗ್ಗಿಸಿದರು. “ನೀವು ಓದಿದ್ದರಲ್ಲಿ ದೊರೆ ನಿಮ್ಮ ಮನೆಗೇ ಬರ್ತಿದ್ದ, ನಿಮ್ಮನ್ನ ಎತ್ಕೊಳ್ತಿದ್ದ ಅಂತ ಇದೆ. ಹಾಗಾದರೆ… ನೀವು ದೊರೆ ಮಗಳಾ?”

ವಕೀಲರು ಪುಸ್ತಕವನ್ನು ಮುಚ್ಚದೆ ಅಕ್ಕನ ಕಡೆ ತಿರುಗಿದರು. ಅವರ ತಲೆ ಬೇಡ ಎಂಬಂತೆ ಆಡುತ್ತಿತ್ತೋ, ಹೇಳು ಎಂಬಂತೆಯೋ, ನಾನು ಕೂತಲ್ಲಿಂದ ತಿಳಿಯಲಿಲ್ಲ. ಕುರ್ಚಿಯಮ್ಮ ಅವರ ಕಡೆ ನೋಡಲೂ ಇಲ್ಲ. ಕಪ್ಪು ಕನ್ನಡಕ ತೆಗೆದು ಹುಡುಗಿಯ ಮುಖವನ್ನೇ ನೋಡಿದರು.

“ಅಲ್ಲಮ್ಮ. ನಾನು ಈ ಫೋಟೋದಲ್ಲಿರೋ ಮೇಸ್ತ್ರಿ ಮಗಳು. ಅಮ್ಮನ ಎದೆ ಹಿಂಡಿದ್ದೂ ಅವನೇ, ದೊರೆ ಕೂತು ಬರ್ಕೊಂಡ ಅಷ್ಟೆ. ಪುಸ್ತಕದಲ್ಲಿ ದೊರೆ ಅಂತ ಹಾಕಿಸಿದ್ದು ಇಲ್ಲಿ ಕೂತಿದ್ದಾನಲ್ಲ, ನನ್ನ ತಮ್ಮ.”